ದೂರದ ವಿಮಾನ ಪ್ರಯಾಣದ ಭಯ: ಟಿಕೆಟ್ ತೆಗೆದ ದಿನದಿಂದ ಇಳಿಯುವ ತನಕ ಮಾಡಬೇಕಾದ್ದು

ಮಗಳ ಬಾಣಂತನಕ್ಕೆ ಹೊರಟ ಅಮ್ಮಂದಿರು, ಮೊಮ್ಮಗನನ್ನು ನೋಡಲು ಹೊರಟ ನಿವೃತ್ತ ಮೇಷ್ಟ್ರು, ಮೊದಲ ಸಲ ಆನ್‌ಸೈಟ್ ಸಿಕ್ಕ ಹುಡುಗರು. ನಮ್ಮ ಬಳಗದಲ್ಲೇ ಹತ್ತಾರು ಜನರನ್ನು ದೇವನಹಳ್ಳಿಯ ಏರ್‌ಪೋರ್ಟಿಗೆ ಬಿಟ್ಟು ಬಂದಿದ್ದೇನೆ. ಎಲ್ಲರೂ ಎಡವುವುದು ಒಂದೇ ಕಡೆ. ತಿಂಗಳುಗಟ್ಟಲೆ "ಏನಾಗಲ್ಲ ಬಿಡು" ಅಂತ ಭಯವನ್ನು ಅದುಮಿಟ್ಟುಕೊಂಡಿರುತ್ತಾರೆ. ಗೇಟಿನ ಮುಂದೆ ಕೂತಾಗ ಎದೆ ಡವಗುಟ್ಟಲು ಶುರುವಾದ ಮೇಲೆ ಅದರ ಜೊತೆ ಕುಸ್ತಿಗೆ ಇಳಿಯುತ್ತಾರೆ. ಯುದ್ಧಕಾಲೇ ಶಸ್ತ್ರಾಭ್ಯಾಸ ಅನ್ನುವುದು ಇದಕ್ಕೇ.

ಈ ಕೆಲಸದ ಮುಕ್ಕಾಲು ಪಾಲು ಮನೆಯಲ್ಲೇ ಮುಗಿಯಬೇಕು. ಹಾಗಾಗಿ ಕೆಳಗಿನ ಹಂತಗಳ ಕ್ರಮ ಬದಲಿಸಬೇಡಿ. ಉದಾಹರಣೆಗೆ ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮೂಲಕ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವ ದಾರಿ ಇಟ್ಟುಕೊಂಡಿದ್ದೇನೆ. ಮೊದಲ ವಿಮಾನದಲ್ಲಿ ಸುಮಾರು ಹತ್ತು ಗಂಟೆ, ಎರಡನೆಯದರಲ್ಲಿ ಸುಮಾರು ಹನ್ನೊಂದು. ದೋಹಾ, ದುಬೈ ಮೂಲಕ ಹೋದರೂ ಹಂತಗಳು ಇವೇ.

ಕೈಗೆ ಸಿಗುವಂತೆ ಇರಬೇಕಾದ ಸಾಮಾನು

ಒಂದು ಹಾಳೆ, ಒಂದು ಪೆನ್ನು. ಖಾಲಿ ನೀರಿನ ಬಾಟಲಿ. ಪೆಪ್ಪರ್‌ಮಿಂಟ್. ಶಾಲು ಅಥವಾ ಸ್ವೆಟರ್. ಉಣ್ಣೆಯ ಕಾಲುಚೀಲ. ಕಿವಿಗೆ ಹತ್ತಿ ಅಥವಾ ಇಯರ್‌ಪ್ಲಗ್. ಮೊಬೈಲಿಗೆ ಮೊದಲೇ ಇಳಿಸಿಟ್ಟ ಹಾಡು, ಪ್ರವಚನ, ಸಿನಿಮಾ, ಏನಾದರೂ ಸರಿ. ದಿನದ ಮಾತ್ರೆಗಳು ಮತ್ತು ಡಾಕ್ಟರ ಚೀಟಿ. ಪವರ್ ಬ್ಯಾಂಕ್ ಇದ್ದರೆ ಅದು ಕೈಚೀಲದಲ್ಲೇ ಇರಬೇಕು, ಸೂಟ್‌ಕೇಸಿಗೆ ಹಾಕುವ ಹಾಗಿಲ್ಲ.

ಹಂತ 1: ಭಯವನ್ನು ಬಿಡಿಸಿ ಬರೆಯಿರಿ (ಒಂದು ತಿಂಗಳು ಮೊದಲು)

ಇದನ್ನು ಹಾರಿಸಿದವರು ಮುಂದಿನ ಎಲ್ಲದರಲ್ಲೂ ತೊಡರಿಕೊಳ್ಳುತ್ತಾರೆ. "ವಿಮಾನ ಅಂದರೆ ಭಯ" ಎಂಬ ಮಾತಿಗೆ ಮದ್ದಿಲ್ಲ, ಅದು ತುಂಬಾ ದೊಡ್ಡದು. ಹಾಳೆ ತೆಗೆದು "ಹೀಗಾದರೆ?" ಎಂದು ಮುಗಿಯುವ ಸಾಲುಗಳನ್ನು ಬರೆಯಿರಿ.

ನಮ್ಮ ಚಿಕ್ಕಮ್ಮ ಬರೆದದ್ದು ಒಂಬತ್ತು ಸಾಲು. ಟಾಯ್ಲೆಟ್ ಬಾಗಿಲು ತೆಗೆಯಲು ಬರದೆ ಒಳಗೇ ಸಿಕ್ಕಿಕೊಂಡರೆ? ಫ್ರಾಂಕ್‌ಫರ್ಟ್‌ನಲ್ಲಿ ದಾರಿ ತಪ್ಪಿದರೆ? ಇಂಗ್ಲಿಷಿನಲ್ಲಿ ಏನೋ ಕೇಳಿದರೆ? ಮೊಟ್ಟೆ ಹಾಕಿದ ತಿಂಡಿ ಕೊಟ್ಟರೆ? ಉಸಿರು ಕಟ್ಟಿದರೆ? ಹೀಗೇ ಸಾಗಿ, ವಿಮಾನ ಬೀಳುವ ಮಾತು ಬಂದದ್ದು ಕೊನೆಯ ಸಾಲಿನಲ್ಲಿ, ಅದೂ ಒಂದೇ ಸಲ. ಉಳಿದ ಎಂಟಕ್ಕೂ ನೆಲದ ಮೇಲೆ ನಿಂತೇ ಉತ್ತರ ಹುಡುಕಬಹುದಿತ್ತು.

ಬರೆದ ಮೇಲೆ ಪ್ರತಿ ಸಾಲಿನ ಮುಂದೆ ಉತ್ತರಕ್ಕೆ ಜಾಗ ಬಿಡಿ. ಕೆಳಗಿನ ಹಂತಗಳಲ್ಲಿ ಉತ್ತರ ಸಿಕ್ಕ ಹಾಗೆ ತುಂಬಿಸುತ್ತಾ ಹೋಗಿ.

ಸಾಮಾನ್ಯ ತಪ್ಪು: ಮಕ್ಕಳು ಅಪ್ಪ ಅಮ್ಮನಿಗೆ ಅಂಕಿಅಂಶ ಹೇಳಿ ಧೈರ್ಯ ತುಂಬುವುದು. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,000ಕ್ಕೂ ಹೆಚ್ಚು ಜನ ಸತ್ತರು, ವಿಮಾನ ಅದಕ್ಕಿಂತ ಎಷ್ಟೋ ಪಾಲು ಸುರಕ್ಷಿತ. ಮಾತು ನಿಜ. ಆದರೆ ಅದನ್ನು ಕೇಳಿ ಕೈ ಬೆವರುವುದು ನಿಂತವರನ್ನು ನಾನು ಕಂಡಿಲ್ಲ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ನಡೆದ ದುರಂತದ ದೃಶ್ಯ ಕಣ್ಣಲ್ಲಿ ಕೂತಿರುವವರಿಗಂತೂ ಲೆಕ್ಕ ತಲೆಗೆ ಹೋಗುವುದೇ ಇಲ್ಲ. ಹೊರಡುವ ಹದಿನೈದು ದಿನ ಮೊದಲಿನಿಂದ ಅಪಘಾತದ ವಿಡಿಯೊ ನೋಡುವುದನ್ನು ನಿಲ್ಲಿಸಿ. ಲೆಕ್ಕಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಹಂತ 2: ಸೀಟು, ಊಟ, ನಡುವಿನ ಹೊತ್ತು

ಸೀಟನ್ನು ರೆಕ್ಕೆಯ ಹತ್ತಿರ ಆರಿಸಿ. ಬಸ್ಸಿನ ಕೊನೆಯ ಸೀಟು ಎಗರಿಸುವ ಹಾಗೆ ವಿಮಾನದ ಬಾಲದ ಕಡೆ ಕುಲುಕಾಟ ಹೆಚ್ಚು. ಪದೇ ಪದೇ ಏಳಬೇಕಾದವರು ಐಲ್ ಸೀಟೇ (ಓಡಾಡುವ ದಾರಿಯ ಪಕ್ಕದ್ದು) ತೆಗೆದುಕೊಳ್ಳಲಿ. "ಕಿಟಕಿ ಕೊಡಿಸು, ಮೋಡ ನೋಡ್ತಾರೆ" ಅಂತ ಮಕ್ಕಳು ಆಸೆಪಡುತ್ತಾರೆ. ಆದರೆ ಒಳಗೆ ಸಿಕ್ಕಿಬಿದ್ದ ಹಾಗೆನಿಸಿ, ಪಕ್ಕದವರನ್ನು ಎಬ್ಬಿಸಲು ಸಂಕೋಚಪಟ್ಟು, ನೀರು ಕುಡಿಯುವುದನ್ನೇ ಬಿಟ್ಟ ಹಿರಿಯರು ಬೇಕಾದಷ್ಟಿದ್ದಾರೆ.

ಸಸ್ಯಾಹಾರಿಗಳು ಟಿಕೆಟ್ ತೆಗೆಯುವಾಗಲೇ ಊಟ ಬರೆಸಿ. ಬರೀ "ವೆಜಿಟೇರಿಯನ್" ಸಾಲದು. ಏಷ್ಯನ್ ವೆಜಿಟೇರಿಯನ್ ಊಟದ ಕೋಡ್ ಎವಿಎಂಎಲ್, ಜೈನ ಊಟದ್ದು ವಿಜೆಎಂಎಲ್. ಹೊರಡುವ ಎರಡು ದಿನ ಮೊದಲು ಬುಕಿಂಗ್ ತೆರೆದು ಆ ಕೋಡ್ ಇದೆಯೇ ನೋಡಿ.

ವಿಮಾನ ಬದಲಿಸಲು ನಡುವೆ ಕನಿಷ್ಠ ಮೂರು ಗಂಟೆ ಇರಲಿ. ಒಂದೂವರೆ ಗಂಟೆಯ ಟಿಕೆಟ್ ಅಗ್ಗಕ್ಕೆ ಸಿಗಬಹುದು. ಆದರೆ ಮೊದಲ ವಿಮಾನ ಅರ್ಧ ಗಂಟೆ ತಡವಾದರೂ ಜೀವ ಬಾಯಿಗೆ ಬರುತ್ತದೆ. ಎರಡೂ ವಿಮಾನ ಒಂದೇ ಟಿಕೆಟ್‌ನಲ್ಲಿರಲಿ. ವಿಮಾನ ಬದಲಿಸುವ ದೇಶದ ಟ್ರಾನ್ಸಿಟ್ ವೀಸಾ ಬೇಕೇ ಎಂದು ಆಗಲೇ ನೋಡಿಕೊಳ್ಳಿ.

ಮಂಡಿ ನೋವು, ನಡೆಯಲು ಕಷ್ಟ ಇದ್ದರೆ ವೀಲ್‌ಚೇರ್ ಮೊದಲೇ ಹೇಳಿಡಿ. ಭಾಷೆಯೊಂದೇ ತೊಡಕಾದರೆ ಜೊತೆಗೆ ಕರೆದುಕೊಂಡು ಹೋಗುವ ಸೇವೆ ಇದೆಯೇ ಎಂದು ವಿಮಾನ ಕಂಪನಿಯನ್ನು ಕೇಳಿ. ಚೆನ್ನಾಗಿ ನಡೆಯುವವರೂ ವೀಲ್‌ಚೇರ್ ಹಿಡಿದು ಕೂತು, ನಿಜವಾಗಿ ಬೇಕಾದವರು ಕಾಯುವುದನ್ನು ನೋಡಿ ನನಗೆ ಸಾಕಾಗಿದೆ.

ಹಂತ 3: ಡಾಕ್ಟರ ಹತ್ತಿರ ಒಂದು ಸಲ

ಹಾರುವಾಗ ಕ್ಯಾಬಿನ್ನಿನ ಗಾಳಿಯ ಒತ್ತಡ ಸಮುದ್ರಮಟ್ಟದಿಂದ 6,000 ದಿಂದ 8,000 ಅಡಿ ಎತ್ತರದಲ್ಲಿ ಇರುವಷ್ಟು ಇರುತ್ತದೆ. ಮುಳ್ಳಯ್ಯನಗಿರಿಯ ತುದಿ 6,330 ಅಡಿ, ಊಟಿ ಸುಮಾರು 7,350 ಅಡಿ. ಹೊರಗೆ ವಿಮಾನ 35,000 ಅಡಿಯಲ್ಲಿದ್ದರೂ ಒಳಗೆ ನೀವು ಊಟಿಯ ಆಸುಪಾಸಿನಲ್ಲಿ ಕೂತಿರುತ್ತೀರಿ ಅಂದುಕೊಳ್ಳಿ. "ಉಸಿರು ಕಟ್ಟಿದರೆ?" ಎಂಬ ಸಾಲಿಗೆ ಉತ್ತರ ಇಲ್ಲಿದೆ. ಊಟಿಯಲ್ಲಿ ಆರಾಮವಾಗಿ ಓಡಾಡಿದವರಿಗೆ ಇಲ್ಲೂ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ಇತ್ತೀಚೆಗೆ ಹೃದಯಾಘಾತವಾದವರು, ಆಪರೇಷನ್ ಆದವರು, ಶ್ವಾಸಕೋಶದ ತೊಂದರೆ ಇರುವವರು, ಗರ್ಭಿಣಿಯರು, ಹಿಂದೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದವರು ಡಾಕ್ಟರನ್ನು ಕೇಳದೆ ಹತ್ತಬಾರದು.

ಸಕ್ಕರೆ ಕಾಯಿಲೆಯವರು ಹನ್ನೆರಡೂವರೆ ಗಂಟೆ ಸಮಯ ಬದಲಾಗುವಾಗ (ಕ್ಯಾಲಿಫೋರ್ನಿಯಾದ ಬೇಸಿಗೆಯ ಲೆಕ್ಕ) ಮಾತ್ರೆ, ಇನ್ಸುಲಿನ್ ಯಾವ ಹೊತ್ತಿಗೆ ಎಂದು ಬರೆಸಿಕೊಳ್ಳಿ. ಇನ್ಸುಲಿನ್ ಕೈಚೀಲದಲ್ಲೇ ಇರಲಿ, ಕೆಳಗಿನ ಸರಕಿನ ಜಾಗದಲ್ಲಿ ಹೆಪ್ಪುಗಟ್ಟಿ ಕೆಡಬಹುದು.

ಎಚ್ಚರಿಕೆ: ಪಕ್ಕದ ಮನೆಯವರು ಕೊಟ್ಟ ನಿದ್ದೆ ಮಾತ್ರೆ ಬೇಡ. ಡಾಕ್ಟರೇ ಬರೆದುಕೊಟ್ಟರೂ ಮೊದಲ ಮಾತ್ರೆಯನ್ನು ವಿಮಾನದಲ್ಲಿ ನುಂಗಬೇಡಿ. ಮೈಗೆ ಒಗ್ಗುತ್ತದೆಯೇ ಎಂದು ಮನೆಯಲ್ಲಿ ಒಂದು ರಾತ್ರಿ ನೋಡುವ ಬಗ್ಗೆ ಅವರನ್ನೇ ಕೇಳಿ. ಮಾತ್ರೆಯ ಮೇಲೆ ವಿಮಾನದಲ್ಲಿ ಕೊಡುವ ವೈನ್ ಕುಡಿಯುವುದು ಅದಕ್ಕಿಂತ ಕೆಟ್ಟ ಯೋಚನೆ.

ಹಂತ 4: ಮನೆಯಲ್ಲೇ ತಾಲೀಮು

ಇದನ್ನು ಹೇಳಿದರೆ ನಗುತ್ತಾರೆ. ಮಾಡಿದವರಿಗೆ ಗೊತ್ತು.

ಎರಡು ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಹಿಂದೆ ಒಂದು ಇಡಿ. ಮುಂದಿನದರ ಬೆನ್ನಿನಿಂದ ಹಿಂದಿನದರ ಬೆನ್ನಿಗೆ ಸುಮಾರು 31 ಇಂಚು ಇರಲಿ, ಎಕಾನಮಿ ಸೀಟಿನ ಜಾಗ ಹೆಚ್ಚುಕಡಿಮೆ ಅಷ್ಟೇ. ಹಿಂದಿನ ಕುರ್ಚಿಯಲ್ಲಿ ಕೂತು ಒಂದು ಸಿನಿಮಾ ಪೂರ್ತಿ ನೋಡಿ. ಮಂಡಿ ಎಲ್ಲಿ ತಾಗುತ್ತದೆ, ಸೊಂಟ ಎಷ್ಟು ಹೊತ್ತಿಗೆ ನೋಯುತ್ತದೆ ಎಂದು ಇಲ್ಲೇ ತಿಳಿಯುತ್ತದೆ.

ಜೊತೆಗೆ ಉಸಿರಾಟ. ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ನಿಧಾನ ಹೊರಗೆ. ದಿನಕ್ಕೆ ಎರಡು ಸಲ, ಐದೈದು ನಿಮಿಷ. ಇದರಲ್ಲಿ ಎಲ್ಲರೂ ಮಾಡುವ ತಪ್ಪು ಎಂದರೆ ಭಯವಾದಾಗ ಜೋರಾಗಿ ಒಳಗೆಳೆದುಕೊಳ್ಳುವುದು. ಹಾಗೆ ಮಾಡಿದರೆ ತಲೆ ತಿರುಗಿ, ಬೆರಳು ಜುಮ್ಮೆಂದು, ಭಯ ಇನ್ನಷ್ಟು ಏರುತ್ತದೆ. ಗಮನ ಇರಬೇಕಾದ್ದು ಹೊರಗೆ ಬಿಡುವ ಉಸಿರಿನ ಮೇಲೆ.

ವಿಮಾನವನ್ನೇ ಹತ್ತದವರು ಸಾಧ್ಯವಾದರೆ ಬೆಂಗಳೂರಿನಿಂದ ಹೈದರಾಬಾದಿಗೋ ಮುಂಬೈಗೋ ಒಮ್ಮೆ ಹೋಗಿ ಬನ್ನಿ. ತಾಲೀಮಿಗೆ ಸಣ್ಣ ಪ್ರೊಪೆಲ್ಲರ್ ವಿಮಾನ ಆರಿಸಬೇಡಿ, ಅದು ದೊಡ್ಡದಕ್ಕಿಂತ ಹೆಚ್ಚು ಅಲುಗುತ್ತದೆ. ದುಡ್ಡು ಹೊಂದದಿದ್ದರೆ ಶಿರಾಡಿ ಘಾಟಿ ದಾಟುವ ರಾತ್ರಿ ಬಸ್ಸು ಸಾಕು. ಕತ್ತಲಲ್ಲಿ ಕುಲುಕುತ್ತಾ ಎಂಟು ಗಂಟೆ ಕೂರುವುದು ಹೇಗೆಂದು ಅದೇ ಕಲಿಸುತ್ತದೆ.

ಹಂತ 5: ಸದ್ದುಗಳನ್ನು ಮೊದಲೇ ಪರಿಚಯ ಮಾಡಿಕೊಳ್ಳಿ

ಗೊತ್ತಿಲ್ಲದ ಸದ್ದೇ ಅರ್ಧ ಭಯ. ಹಾಳೆಯ ಹಿಂಬದಿಗೆ ಇವನ್ನು ಬರೆದುಕೊಳ್ಳಿ.

ಹೊರಡುವ ಮುಂಚೆ ಕೆಳಗಿನಿಂದ ಗುಂಯ್‌ಗುಡುವ ಸದ್ದು: ರೆಕ್ಕೆಯ ಹಿಂದಿನ ಅಂಚಿನ ಪಟ್ಟಿ (ಫ್ಲ್ಯಾಪ್) ಹೊರಬರುತ್ತಿದೆ. ನೆಲ ಬಿಟ್ಟ ಕೆಲವೇ ಕ್ಷಣಕ್ಕೆ ದಡ್ ಎಂದರೆ ಚಕ್ರ ಒಳಗೆ ಹೋಯಿತು. ಮತ್ತೆ ಒಂದೆರಡು ನಿಮಿಷದೊಳಗೆ ಇಂಜಿನ್ ಸದ್ದು ತಟ್ಟನೆ ಇಳಿಯುತ್ತದೆ, ವಿಮಾನ ಕುಸಿದ ಹಾಗೆ ಹೊಟ್ಟೆಯಲ್ಲಿ ಕಲಸುತ್ತದೆ. ಹೆಚ್ಚಿನವರು ಪಕ್ಕದವರ ಕೈ ಹಿಡಿಯುವುದು ಆಗಲೇ. ವಿಮಾನ ಏರುತ್ತಲೇ ಇರುತ್ತದೆ. ನೆಲ ಬಿಡಲು ಬೇಕಾದಷ್ಟು ಬಲ ಈಗ ಬೇಡವೆಂದು ಪೈಲಟ್ ಕಡಿಮೆ ಮಾಡಿರುತ್ತಾರೆ, ಘಾಟಿ ಹತ್ತಿದ ಲಾರಿ ಗೇರ್ ಬದಲಿಸಿದಂತೆ. "ಟಿಂಗ್" ಎಂಬ ಗಂಟೆ ಯಾರೋ ನೀರು ಕೇಳಿದ್ದಿರಬಹುದು. ಇಳಿದ ತಕ್ಷಣದ ಭೋರೆಂಬ ಸದ್ದು ಇಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸುವುದರದ್ದು.

ಟಾಯ್ಲೆಟ್ಟಿನ ಫ್ಲಶ್ ಕೂಡ ಸೇರಿಸಿ. ಬಟನ್ ಒತ್ತಿದರೆ ಹುಲಿ ಗರ್ಜಿಸಿದ ಹಾಗೆ ಎಳೆದುಕೊಳ್ಳುತ್ತದೆ. ಬಾಗಿಲು ಹೆಚ್ಚಾಗಿ ಮಧ್ಯದಲ್ಲಿ ಮಡಚುವಂಥದ್ದು, ನಡುವೆ ಒತ್ತಿದರೆ ತೆರೆಯುತ್ತದೆ. ಒಳಗೆ ಚಿಲಕ ಸರಿಸಿದರೇ ಪೂರ್ತಿ ಬೆಳಕು ಬರುವುದು. ಚೊಂಬು ಇರುವುದಿಲ್ಲ. ಖಾಲಿ ಬಾಟಲಿ ಪಟ್ಟಿಯಲ್ಲಿದ್ದದ್ದು ಅದಕ್ಕೂ ಸೇರಿ.

ಹಂತ 6: ಹೊರಡುವ ದಿನ

ಮೊದಲು ತಾರೀಖು. ಬೆಂಗಳೂರಿನಿಂದ ಹೊರದೇಶಕ್ಕೆ ಹೋಗುವ ಎಷ್ಟೋ ವಿಮಾನಗಳು ನಡುರಾತ್ರಿ ಕಳೆದ ಮೇಲೆ ಏಳುತ್ತವೆ. ಟಿಕೆಟ್ಟಿನಲ್ಲಿ 15ನೇ ತಾರೀಖು ಬೆಳಗಿನ ಜಾವ 2 ಗಂಟೆ ಎಂದಿದ್ದರೆ 14ರ ರಾತ್ರಿಯೇ ಏರ್‌ಪೋರ್ಟಿನಲ್ಲಿರಬೇಕು. 15ರ ರಾತ್ರಿ ಸೂಟ್‌ಕೇಸ್ ಎಳೆದುಕೊಂಡು ಹೋದವರೊಬ್ಬರು ನಮ್ಮ ಬಳಗದಲ್ಲೇ ಇದ್ದಾರೆ.

ಮೂರೂವರೆ ಗಂಟೆ ಮೊದಲು ಟರ್ಮಿನಲ್ 2ರಲ್ಲಿರಿ. ಬೀಳ್ಕೊಡಲು ಇಬ್ಬರು ಸಾಕು. ಟೆಂಪೊ ಟ್ರಾವೆಲರ್ ತುಂಬಾ ಬಂಧುಗಳು ಬಂದು ಬಾಗಿಲಲ್ಲಿ ಅತ್ತರೆ, ಒಂದು ತಿಂಗಳ ತಾಲೀಮು ಅಲ್ಲೇ ಕರಗುತ್ತದೆ.

ಊಟ ಹಗುರವಾಗಿರಲಿ. ಮೇಲೆ ಹೋದಾಗ ಒತ್ತಡ ಇಳಿದು ಹೊಟ್ಟೆಯೊಳಗಿನ ಗಾಳಿ ಸುಮಾರು ಮೂರನೇ ಒಂದು ಪಾಲು ಹಿಗ್ಗುತ್ತದೆ. ಊಟಿಗೆ ಒಯ್ದ ಚಿಪ್ಸ್ ಪ್ಯಾಕೆಟ್ ಉಬ್ಬುವುದನ್ನು ನೆನಪಿಸಿಕೊಳ್ಳಿ. ಅವರೆಕಾಳು, ಹುರುಳಿ ಸಾರು ಆ ದಿನ ಬೇಡ. ಆ ಉಬ್ಬರವನ್ನೇ ಎದೆನೋವೆಂದು ತಿಳಿದು ಗಾಬರಿಯಾಗುವವರಿದ್ದಾರೆ.

ಕೈಚೀಲದಲ್ಲಿ ಉಪ್ಪಿನಕಾಯಿ, ತುಪ್ಪ ಇದ್ದರೆ ಸೆಕ್ಯುರಿಟಿಯಲ್ಲಿ ತೆಗೆಸುತ್ತಾರೆ. ದ್ರವ ಪದಾರ್ಥ 100 ಮಿ.ಲೀ. ಮೀರುವಂತಿಲ್ಲ. ಒಣ ಕೊಬ್ಬರಿಯನ್ನು ಬೆಂಕಿ ಹಿಡಿಯುವ ಸಾಮಾನಿನ ಪಟ್ಟಿಯಲ್ಲಿ ಇಟ್ಟಿದ್ದಾರೆ, ಸೂಟ್‌ಕೇಸಿಗೂ ಹಾಕಬೇಡಿ. ಹಸಿ ಕರಿಬೇವನ್ನು ಅಮೆರಿಕದಲ್ಲಿ ಒಳಗೆ ಬಿಡುವುದಿಲ್ಲ. ಇವನ್ನು ಇಲ್ಲಿ ಹೇಳಲು ಕಾರಣವಿದೆ: ಯೂನಿಫಾರ್ಮ್ ಹಾಕಿದವರು ಎಲ್ಲರ ಮುಂದೆ ಚೀಲ ಬಿಚ್ಚಿಸಿದರೆ ಶುರುವಾಗುವ ನಡುಕ ವಿಮಾನದೊಳಗೂ ಜೊತೆಗೆ ಬರುತ್ತದೆ.

ಚೆಕ್-ಇನ್ ಕೌಂಟರಿನಲ್ಲಿ ಎರಡು ಮಾತು ಕೇಳಿ: ಎರಡೂ ವಿಮಾನಗಳ ಬೋರ್ಡಿಂಗ್ ಪಾಸ್ ಕೊಟ್ಟಿದ್ದೀರಾ? ಸೂಟ್‌ಕೇಸಿನ ಟ್ಯಾಗ್‌ನಲ್ಲಿ ಕೊನೆಯ ಊರಿನ ಕೋಡ್ ಇದೆಯಾ? ಸ್ಯಾನ್ ಫ್ರಾನ್ಸಿಸ್ಕೊ ಆದರೆ ಎಸ್‌ಎಫ್‌ಓ.

ಹಂತ 7: ಕೂತ ಮೊದಲ ಇಪ್ಪತ್ತು ನಿಮಿಷ

ಬೆಲ್ಟ್ ಹಾಕಿ ಬಿಚ್ಚಿ ಎರಡು ಸಲ ನೋಡಿ. ಎಳೆದು ಬಿಚ್ಚುವುದಲ್ಲ, ಮೇಲಿನ ತಗಡು ಎತ್ತಬೇಕು. ಹತ್ತಿರದ ಬಾಗಿಲಿಗೆ ಎಷ್ಟು ಸಾಲು ಎಂದು ಎಣಿಸಿ. ಗಗನಸಖಿಗೆ "ನನಗೆ ಇದು ಮೊದಲ ಸಲ, ಸ್ವಲ್ಪ ಭಯ" ಎಂದು ಹೇಳಿಬಿಡಿ. ಇಂಗ್ಲಿಷ್ ಬರದವರು ಅದನ್ನೇ ಇಂಗ್ಲಿಷಿನಲ್ಲಿ ಬರೆಸಿಟ್ಟ ಚೀಟಿ ತೋರಿಸಿ. ಅವರು ದಿನಾ ನೋಡುವ ವಿಷಯ ಇದು. ಆಮೇಲೆ ಕುಲುಕಾಟ ಬಂದಾಗ ಒಮ್ಮೆ ನಿಮ್ಮ ಕಡೆ ನೋಡಿ ನಗುತ್ತಾರೆ, ಆ ನಗುವಿಗೆ ಬೆಲೆ ಕಟ್ಟಲಾಗದು.

ನೆಲ ಬಿಡುವಾಗ ಸೀಟಿನ ಕೈ ಹಿಡಿಯಬೇಡಿ. ನನ್ನ ಮೊದಲ ಪ್ರಯಾಣದಲ್ಲಿ ಫ್ರಾಂಕ್‌ಫರ್ಟ್ ಬರುವ ತನಕ ಆ ಕೈಯನ್ನು ಬಿಟ್ಟಿರಲಿಲ್ಲ, ನಾನು ಹಿಡಿದದ್ದರಿಂದಲೇ ವಿಮಾನ ಮೇಲಿದೆ ಎಂಬ ಹಾಗೆ. ಮೈ ಬಿಗಿಹಿಡಿದಷ್ಟೂ ಅಪಾಯವಿದೆ ಎಂದೇ ಮನಸ್ಸು ತಿಳಿಯುತ್ತದೆ. ಅಂಗೈ ಮೇಲೆ ಮಾಡಿ ತೊಡೆಯ ಮೇಲಿಡಿ, ಭುಜ ಇಳಿಬಿಡಿ, ಒಂದರಿಂದ ನೂರು ಎಣಿಸಿ. ಅಷ್ಟರಲ್ಲಿ ನೆಲ ಬಿಟ್ಟಾಗಿರುತ್ತದೆ.

ಹಂತ 8: ಕುಲುಕಾಟ ಬಂದಾಗ

ಹೊಳೆಯ ನೀರು ಬಂಡೆ ದಾಟಿದ ಮೇಲೆ ಅಲೆಯಾಗಿ ಸುಳಿಯುವುದನ್ನು ನೋಡಿದ್ದೀರಿ. ಗಾಳಿಯೂ ಬೆಟ್ಟಸಾಲು ದಾಟಿದ ಮೇಲೆ ಹಾಗೇ ಸುಳಿಯುತ್ತದೆ. ಬೇರೆ ಬೇರೆ ವೇಗದ ಗಾಳಿಯ ಪದರಗಳು ತಾಗುವಲ್ಲಿಯೂ ಅದೇ. ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಅದನ್ನು ಹಾಯುವಾಗ ದಡಬಡ ಎನ್ನುತ್ತದೆ. ರೆಕ್ಕೆ ಬಾಗುವಂತೆಯೇ ಮಾಡಿರುತ್ತಾರೆ. 2010ರಲ್ಲಿ ಬೋಯಿಂಗ್ 787ರ ರೆಕ್ಕೆಯನ್ನು ಪರೀಕ್ಷೆಯಲ್ಲಿ ಸುಮಾರು 25 ಅಡಿ ಮೇಲಕ್ಕೆ ಬಗ್ಗಿಸಿ ನೋಡಿದ್ದರು.

ಮಾಡಬೇಕಾದ್ದು ಇಷ್ಟು. ಬೆಲ್ಟ್ ಸೊಂಟಕ್ಕೆ ಬಿಗಿಯಾಗಿರಲಿ. ಮುಂದಿನ ಟ್ರೇ ಮೇಲೆ ಅರ್ಧ ಲೋಟ ನೀರಿದ್ದರೆ ಅದನ್ನು ನೋಡಿ. ವಿಮಾನ ನೂರಾರು ಅಡಿ ಬಿತ್ತು ಎಂದು ನಿಮಗನಿಸಿದಾಗಲೂ ನೀರು ಸಾಮಾನ್ಯವಾಗಿ ಅಂಚಿನ ಹತ್ತಿರ ತುಳುಕಾಡಿ ಸುಮ್ಮನಾಗುತ್ತದೆ. ಉಸಿರು ನಾಲ್ಕು ಒಳಗೆ, ಆರು ಹೊರಗೆ. ಗಾಯತ್ರಿಯೋ ಹನುಮಾನ್ ಚಾಲೀಸವೋ ದಾಸರ ಪದವೋ ಬಾಯಿಗೆ ಬರುವುದನ್ನು ನಿಧಾನವಾಗಿ ಹೇಳಿ. ಸಾಲು ಉದ್ದವಿದ್ದರೆ ಹೊರಗೆ ಬಿಡುವ ಉಸಿರೂ ತಾನೇ ಉದ್ದವಾಗುತ್ತದೆ.

ಅಪಾಯವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಬೆಲ್ಟ್ ಇಲ್ಲದವರು ಜೋರು ಕುಲುಕಾಟದಲ್ಲಿ ಎಗರಿ ತಲೆ ಒಡೆದುಕೊಂಡದ್ದಿದೆ. ತಲೆಯ ಮೇಲಿನ ಬೆಲ್ಟ್ ಗುರುತಿನ ದೀಪ ಆರಿದ್ದರೂ ಕೂತಿರುವಷ್ಟು ಹೊತ್ತು ಬೆಲ್ಟ್ ಹಾಕಿರಿ. ಶಾಲಿನ ಮೇಲಿನಿಂದ ಹಾಕಿದರೆ, ನಿದ್ದೆ ಹೋದಾಗ ಬೆಲ್ಟ್ ನೋಡಲು ಎಬ್ಬಿಸುವುದಿಲ್ಲ.

"ಒಂದು ಇಂಜಿನ್ ನಿಂತರೆ?" ಎಂಬ ಸಾಲು ಹಾಳೆಯಲ್ಲಿದ್ದರೆ: ಎರಡು ಇಂಜಿನ್ನಿನ ವಿಮಾನ ಒಂದರ ಮೇಲೆ ಗಂಟೆಗಟ್ಟಲೆ ಹಾರಿ ಹತ್ತಿರದ ನಿಲ್ದಾಣ ಮುಟ್ಟುವ ಹಾಗೆ ಪ್ರಮಾಣಪತ್ರ ಪಡೆದಿರುತ್ತದೆ. ಸಮುದ್ರದ ಮೇಲಿನ ದಾರಿಯನ್ನೂ ಆ ಲೆಕ್ಕದಲ್ಲೇ ಹಾಕುತ್ತಾರೆ.

ಹಂತ 9: ನಡುವಿನ ಉದ್ದ ಹೊತ್ತು

ಹತ್ತು ಗಂಟೆ ಎಂದು ಲೆಕ್ಕ ಹಾಕಬೇಡಿ. ಊಟ, ಒಂದು ಸಿನಿಮಾ, ನಿದ್ದೆ, ಒಂದು ಸುತ್ತು ನಡಿಗೆ, ತಿಂಡಿ ಎಂದು ತುಂಡು ಮಾಡಿ. ಸೀಟಿನ ಪರದೆಯಲ್ಲಿ ವಿಮಾನ ಎಲ್ಲಿದೆಯೆಂಬ ನಕ್ಷೆ ನೋಡುತ್ತಾ ಕೂರುವುದು ಅಕ್ಕಿ ಬೇಯುವುದನ್ನು ಕಾದ ಹಾಗೆ, ಮುಂದೆ ಹೋಗುವುದೇ ಇಲ್ಲ.

ಎಚ್ಚರವಿರುವಾಗ ಗಂಟೆಗೊಮ್ಮೆ ಹಿಮ್ಮಡಿ ಎತ್ತಿ ಇಳಿಸಿ, ಪಾದ ತಿರುಗಿಸಿ. ಎರಡು ಗಂಟೆಗೊಮ್ಮೆ ಎದ್ದು ಓಡಾಡಿ. ಗಾಳಿ ತುಂಬಾ ಒಣಗಿರುತ್ತದೆ, ನೀರು ಗುಟುಕು ಗುಟುಕಾಗಿ ಕುಡಿಯುತ್ತಿರಿ. ಇಳಿಯಲು ಅರ್ಧ ಗಂಟೆ ಇರುವಾಗ ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿ, ಎಂಜಲು ನುಂಗುತ್ತಿದ್ದರೆ ಕಿವಿ ಬಿಡುತ್ತದೆ. ಆ ಹೊತ್ತಿನಲ್ಲಿ ಮಲಗಿದ್ದರೆ ಕಿವಿ ಹಿಡಿದುಕೊಳ್ಳುತ್ತದೆ.

ಹಂತ 10: ವಿಮಾನ ಬದಲಿಸುವುದು, ಇಳಿದ ಮೇಲೆ

ಫ್ರಾಂಕ್‌ಫರ್ಟ್‌ನಲ್ಲಿ ಜನ ಹೋದ ಕಡೆ ಹೋಗಬೇಡಿ, ಅವರಲ್ಲಿ ಎಷ್ಟೋ ಮಂದಿ ಅದೇ ಊರಿಗೆ ಬಂದವರು. "ಬ್ಯಾಗೇಜ್ ಕ್ಲೈಮ್" ಎಂಬ ಬಾಣ ಬಿಟ್ಟು, ನಿಮ್ಮ ಗೇಟಿನ ಅಕ್ಷರ ಮತ್ತು ಸಂಖ್ಯೆಯ ಬಾಣ ಹಿಡಿಯಿರಿ. ಬೋರ್ಡಿಂಗ್ ಪಾಸಿನಲ್ಲಿರುವ ಗೇಟ್ ಬದಲಾಗಿರಬಹುದು, ದೊಡ್ಡ ಪರದೆಯಲ್ಲಿ ವಿಮಾನದ ನಂಬರ್ ನೋಡಿ. ಟಾಯ್ಲೆಟ್, ಕಾಫಿ, ಮಗಳಿಗೆ ಫೋನು ಎಲ್ಲ ಗೇಟು ಕಂಡ ಮೇಲೆ.

ಅಮೆರಿಕದಲ್ಲಿ ಇಳಿದಾಗ ಅಧಿಕಾರಿ ಸಾಮಾನ್ಯವಾಗಿ ಕೇಳುವುದು ಮೂರು: ಯಾಕೆ ಬಂದಿರಿ, ಎಲ್ಲಿ ಇರುತ್ತೀರಿ, ಎಷ್ಟು ದಿನ. ನಿಜವನ್ನು ಚಿಕ್ಕದಾಗಿ ಹೇಳಿ. ಭಯಕ್ಕೆ ಮಾತು ಹೆಚ್ಚಾಗುವುದೇ ಇಲ್ಲಿನ ತೊಂದರೆ. ಮಗಳ ವಿಳಾಸ, ಫೋನ್ ನಂಬರ್, ವಾಪಸ್ ಟಿಕೆಟ್ ಕಾಗದದಲ್ಲಿರಲಿ, ಚಾರ್ಜ್ ಮುಗಿದ ಮೊಬೈಲಿನಲ್ಲಿ ಅಲ್ಲ. ಇಂಗ್ಲಿಷ್ ಬರದಿದ್ದರೆ ದುಭಾಷಿ ಬೇಕೆಂದು ಕೇಳಬಹುದು.

ತಡಮಾಡದೆ ಕರೆಯಬೇಕಾದ ಲಕ್ಷಣಗಳು

ಎದೆ ಬಡಿತ, ಬೆವರು, ನಡುಕ, "ಸತ್ತೇ ಹೋಗ್ತೀನಿ" ಎಂಬ ಭಾವ ಏರಿ, ಹತ್ತಿಪ್ಪತ್ತು ನಿಮಿಷದಲ್ಲಿ ತಾನೇ ಇಳಿಯುತ್ತಾ ಬಂದರೆ ಅದು ಹೆಚ್ಚಾಗಿ ಗಾಬರಿಯ ಅಲೆ. ಆದರೆ ಎದೆ ಹಿಂಡಿದಂತಾಗಿ ನೋವು ಕೈಗೆ, ದವಡೆಗೆ ಹರಿದರೆ, ಮಾತು ತೊದಲಿದರೆ, ಮುಖ ಒಂದು ಕಡೆ ಸೊಟ್ಟಗಾದರೆ, ಉಸಿರಾಟ ಕಷ್ಟವಾದರೆ ಯೋಚಿಸುತ್ತಾ ಕೂರಬೇಡಿ, ಗಗನಸಖಿಯನ್ನು ಕರೆಯುವ ಬಟನ್ ಒತ್ತಿ. ಯಾವುದೆಂದು ಗೊತ್ತಾಗದಿದ್ದರೂ ಒತ್ತಿ. ಇಳಿದ ಮೇಲಿನ ಕೆಲವು ವಾರಗಳಲ್ಲಿ ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿ, ಆಸ್ಪತ್ರೆಗೆ ಹೋಗಿ. ರಕ್ತ ಹೆಪ್ಪುಗಟ್ಟಿರಬಹುದು.

ಹಂತ 4ನ್ನು ಮೂರು ವಾರ ಮಾಡಿದರೂ ಟಿಕೆಟ್ ನೆನೆದರೇ ನಿದ್ದೆ ಹಾರುತ್ತಿದ್ದರೆ, ಊಟ ಸೇರದಿದ್ದರೆ, ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಇಂಥ ಭಯಕ್ಕೆ ಚಿಕಿತ್ಸೆ ಇದೆ, ಹೊರಡುವ ಹಿಂದಿನ ದಿನ ಹೋದರೆ ಮಾತ್ರ ಆಗದು.

ಹಾಳೆಯನ್ನು ಎಸೆಯಬೇಡಿ

ವಾಪಸ್ ಬರುವ ವಾರ ಅದೇ ಹಾಳೆ ತೆಗೆದು, ಉತ್ತರ ಸಿಕ್ಕ ಸಾಲುಗಳನ್ನು ಹೊಡೆದುಹಾಕಿ, ಹೊಸದಿದ್ದರೆ ಸೇರಿಸಿ. ಚಿಕ್ಕಮ್ಮ ಆರು ತಿಂಗಳಾದ ಮೇಲೆ ಬರುವಾಗ ಒಂಬತ್ತರಲ್ಲಿ ಎಂಟಕ್ಕೆ ಗೀಟು ಬಿದ್ದಿತ್ತು. ಕೊನೆಯದು ಹಾಗೇ ಉಳಿದಿತ್ತು. ಅದರ ಕೆಳಗೆ ಹೊಸ ಸಾಲೊಂದು: "ಸೂಟ್‌ಕೇಸ್ 23 ಕೆ.ಜಿ. ದಾಟಿದರೆ?"